ಡೆಸ್ಕ್‌ಟಾಪ್‌ಗೆ ನೆಟ್ ಬರ್ತಿಲ್ಲವೇ? ಗೋಡೆಯಿಂದ ಬ್ರೌಸರ್‌ವರೆಗೆ ತಪ್ಪು ಹುಡುಕುವ ಕ್ರಮ

ನೆಟ್ ಹೋದ ಕೂಡಲೇ ಬಹಳ ಮಂದಿ ಮಾಡುವ ಮೊದಲ ಕೆಲಸ, ಕೈಗೆ ಸಿಕ್ಕ ವೈರನ್ನೆಲ್ಲ ಕಿತ್ತು ಮತ್ತೆ ಚುಚ್ಚುವುದು. ಎರಡನೆಯದು, ಫೈಬರ್ ಬಾಕ್ಸಿನ ಹಿಂದಿನ ಸಣ್ಣ ತೂತಿಗೆ ಪಿನ್ ತೂರಿಸಿ ರೀಸೆಟ್ ಒತ್ತುವುದು. ಮೊದಲನೆಯದರಿಂದ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ವಾರ ಕಳೆದರೆ ಮತ್ತೆ ಅದೇ ಗೋಳು. ಎರಡನೆಯದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಆ ಗುಂಡಿ ಒತ್ತಿದರೆ ಬಾಕ್ಸಿನೊಳಗಿನ ನಿಮ್ಮ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದಲ್ಲಿ ನಿಮ್ಮ ಲೈನ್ ಯಾವ ಗುಂಪಿನದು ಎಂಬ ಗುರುತು) ಎಲ್ಲ ಅಳಿಸಿಹೋಗುತ್ತವೆ. ದೊಡ್ಡ ಕಂಪನಿಗಳ ಕೆಲವು ಬಾಕ್ಸ್‌ಗಳು ಅವನ್ನು ತಾವೇ ಮತ್ತೆ ತರಿಸಿಕೊಳ್ಳುತ್ತವೆ. ಉಳಿದ ಕಡೆ ಲೈನ್‌ಮನ್ ಬಂದು ತುಂಬಿಸುವ ತನಕ ಕಾಯಬೇಕು. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ.

ವೈರಿನ ಸಂಪರ್ಕದ ದೊಡ್ಡ ಅನುಕೂಲವೆಂದರೆ ಅದರ ದಾರಿ ಕಣ್ಣಿಗೆ ಕಾಣುತ್ತದೆ. ಕಂಬದಿಂದ ಫೈಬರ್, ಫೈಬರಿನಿಂದ ಬಾಕ್ಸ್, ಬಾಕ್ಸಿನಿಂದ ಲ್ಯಾನ್ ಕೇಬಲ್, ಕೇಬಲ್ಲಿನಿಂದ ಸಿಪಿಯು ಹಿಂದಿನ ಪೋರ್ಟ್, ಅಲ್ಲಿಂದ ವಿಂಡೋಸ್, ಕೊನೆಗೆ ಬ್ರೌಸರ್. ತಪ್ಪು ಇವುಗಳಲ್ಲಿ ಒಂದು ಕಡೆ ಇರುತ್ತದೆ. ಯಾವ ತುಂಡಿನಲ್ಲಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದಕ್ಕೆ ಪಾಲಿಸಬೇಕಾದ ಕಟ್ಟುನಿಟ್ಟು ಒಂದೇ: ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಿ, ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಇಲ್ಲಿ ಹೇಳಿರುವುದು ಮನೆಯ ಫೈಬರ್ ಸಂಪರ್ಕ ಮತ್ತು ವಿಂಡೋಸ್ 10 ಅಥವಾ 11 ಇರುವ ಡೆಸ್ಕ್‌ಟಾಪ್‌ಗೆ. ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ನುಡಿ ಅಥವಾ ಬರಹ ಓಡುತ್ತಿದ್ದರೆ ಕೀಬೋರ್ಡನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

ಮೊದಲು ಮೊಬೈಲ್ ಎತ್ತಿಕೊಳ್ಳಿ

ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಮಾತ್ರ ಇಟ್ಟು ಯಾವುದಾದರೂ ಹೊಸ ಪುಟ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲದಿದ್ದರೆ ಫೋನ್ ಸದ್ದಿಲ್ಲದೆ ಸಿಮ್ಮಿನ ನೆಟ್ಟಿಗೆ ಹೋಗಿಬಿಡುತ್ತದೆ, ನೀವು ವೈಫೈ ಚೆನ್ನಾಗಿದೆ ಅಂದುಕೊಳ್ಳುತ್ತೀರಿ.

ಪುಟ ತೆರೆದರೆ ಹೊರಗಿನ ಲೈನ್ ಸರಿಯಿದೆ, ಬಾಕ್ಸ್ ಸರಿಯಿದೆ, ಬಿಲ್ಲೂ ಕಟ್ಟಿದೆ. ತಪ್ಪು ಇರುವುದು ಲ್ಯಾನ್ ಕೇಬಲ್ಲಿನಿಂದ ಈಚೆಗೆ. ಮುಂದಿನ ಭಾಗ ಬಿಟ್ಟು ನೇರ ಕೇಬಲ್ಲಿಗೆ ಹೋಗಿ. ಪುಟ ತೆರೆಯದಿದ್ದರೆ ಕಂಪ್ಯೂಟರನ್ನು ಮುಟ್ಟಲೇಬೇಡಿ. ಅದರ ತಪ್ಪಿಲ್ಲ.

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಫೈಬರ್ ಮನೆಯೊಳಗೆ ಬರುವುದೇ ಇಲ್ಲ. ಕಟ್ಟಡದ ಡಕ್ಟಿನಲ್ಲಿರುವ ಸ್ವಿಚ್ಚಿನಿಂದ ಲ್ಯಾನ್ ಕೇಬಲ್ಲೇ ಮನೆಗೆ ಬಂದು ರೂಟರಿಗೆ ಸೇರುತ್ತದೆ. ಅಂಥ ಕಡೆ ಲಿಫ್ಟ್ ನಡೆಯುತ್ತಿದೆ, ನೆಟ್ ಮಾತ್ರ ಇಲ್ಲ ಅಂದರೆ ಡಕ್ಟಿನ ಸ್ವಿಚ್ಚಿಗೆ ಕರೆಂಟ್ ಇಲ್ಲದಿರಬಹುದು. ಅದೇ ಕಂಪನಿಯ ನೆಟ್ ಇರುವ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ.

ಬಾಕ್ಸಿನ ದೀಪಗಳು ಹೇಳುವುದು

ಬಾಕ್ಸಿನ ಮೇಲೆ ಸಾಮಾನ್ಯವಾಗಿ ಪವರ್, ಪಿಓಎನ್, ಎಲ್‌ಓಎಸ್, ಇಂಟರ್ನೆಟ್, ಲ್ಯಾನ್, ವೈಫೈ ಎಂಬ ದೀಪಗಳಿರುತ್ತವೆ. ಎಲ್‌ಓಎಸ್ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಅಥವಾ ಸಾಲುವಷ್ಟು ಬರುತ್ತಿಲ್ಲ ಎಂದರ್ಥ. ರಸ್ತೆ ಅಗೆಯುವಾಗ ಜೆಸಿಬಿಗೆ ಸಿಕ್ಕಿ ತುಂಡಾಗಿರಬಹುದು, ಮರದ ಕೊಂಬೆ ಬಿದ್ದಿರಬಹುದು, ಇಲ್ಲವೇ ಮನೆಯೊಳಗೇ ಸೋಫಾ ಸರಿಸುವಾಗ ಫೈಬರ್ ಮಡಿಚಿಕೊಂಡಿರಬಹುದು. ಮಡಿಚಿದ್ದು ಕಂಡರೆ ಮೆಲ್ಲಗೆ ಬಿಡಿಸಿ ದೊಡ್ಡ ಸುತ್ತಾಗಿ ಇಡಿ. ಒಳಗೆ ಇರುವುದು ಗಾಜಿನ ಎಳೆ, ಚೂಪಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ.

ಬಾಕ್ಸಿಗೆ ಸೇರುವ ಹಸಿರು ಅಥವಾ ನೀಲಿ ತಲೆಯ ಕನೆಕ್ಟರ್ ಸಡಿಲವಾಗಿದ್ದರೆ ಒತ್ತಿ ಕೂರಿಸಬಹುದು. ಆದರೆ ಅದನ್ನು ತೆಗೆದು ತುದಿಯನ್ನು ಬೆರಳಿನಲ್ಲಿ ಮುಟ್ಟಬೇಡಿ, ಬಾಯಲ್ಲಿ ಊದಬೇಡಿ. ಆ ತುದಿಯೊಳಗೆ ಇಣುಕಿ ನೋಡುವುದಂತೂ ಬೇಡವೇ ಬೇಡ; ಮನೆಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದಿಲ್ಲ. ಕಾಣುವುದಿಲ್ಲ ಎಂದ ಮಾತ್ರಕ್ಕೆ ಕಣ್ಣಿಗೆ ಅಪಾಯವಿಲ್ಲ ಎಂದಲ್ಲ. ಮಕ್ಕಳಿರುವ ಮನೆಯಲ್ಲಿ ಬಾಕ್ಸ್ ಎತ್ತರದಲ್ಲಿರಲಿ.

ಎಲ್‌ಓಎಸ್ ಆರಿದ್ದು, ಪಿಓಎನ್ ಹಸಿರಾಗಿ ನಿಂತಿದ್ದು, ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಗಿದ್ದರೆ ಲೈನ್ ಸರಿಯಿದೆ, ಲಾಗಿನ್ ಆಗುತ್ತಿಲ್ಲ. ಪ್ಲಾನ್ ಮುಗಿದಿದೆಯೇ ನೋಡಿ. ಮುಗಿದಿಲ್ಲವಾದರೆ ಬಾಕ್ಸಿನ ಕರೆಂಟ್ ತೆಗೆದು, ಒಂದು ನಿಮಿಷ ಬಿಟ್ಟು ಹಾಕಿ, ಎಲ್ಲ ದೀಪ ನೆಲೆಗೊಳ್ಳುವ ತನಕ ಮೂರು ನಾಲ್ಕು ನಿಮಿಷ ಕಾಯಿರಿ.

ಪವರ್ ದೀಪವೇ ಆಗಾಗ ಆರಿ ಹೊತ್ತಿಕೊಳ್ಳುತ್ತಿದ್ದರೆ ಅಡಾಪ್ಟರ್ ಸೊರಗಿದೆ. ಹೊಸದು ತರುವಾಗ ಹಳೆಯದರ ಮೇಲಿನ ಚೀಟಿ ಓದಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಪಿನ್ನಿನ ದಪ್ಪ ಮತ್ತು ಪ್ಲಸ್-ಮೈನಸ್ ಗುರುತು ಹೊಂದಬೇಕು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ತೂರುತ್ತದೆ ಅಂತ ಚುಚ್ಚಬೇಡಿ.

ಊರಲ್ಲಿರುವ ಅಪ್ಪ-ಅಮ್ಮನಿಗೆ ಫೋನಿನಲ್ಲೇ ದಾರಿ ಹೇಳಬೇಕಾದವರು ಬಹಳ ಜನ ಇದ್ದೀರಿ. "ಅಪ್ಪಾ, ಯಾವ ಲೈಟ್ ಉರೀತಿದೆ?" ಅಂದರೆ "ಎಲ್ಲಾ ಉರೀತಿದೆ ಕಣೋ" ಅಂತಲೇ ಉತ್ತರ ಬರುತ್ತದೆ. ಅದರ ಬದಲು ಬಾಕ್ಸಿನ ಹತ್ತು ಸೆಕೆಂಡಿನ ವಿಡಿಯೋ ತೆಗೆದು ವಾಟ್ಸ್ಆ್ಯಪ್ ಮಾಡಲು ಹೇಳಿ, ಮೊಬೈಲ್ ಡೇಟಾದಲ್ಲಿ ಬರುತ್ತದೆ. ಯಾವುದು ಮಿನುಗುತ್ತಿದೆ, ಯಾವುದು ನಿಂತಿದೆ ಎಂಬುದು ಫೋಟೋದಲ್ಲಿ ತಿಳಿಯುವುದಿಲ್ಲ, ಅದಕ್ಕೇ ವಿಡಿಯೋ. ಎಲ್ಲ ಸರಿಯಿರುವ ದಿನವೇ ಒಂದು ವಿಡಿಯೋ ತರಿಸಿ ಇಟ್ಟುಕೊಂಡರೆ ಹೋಲಿಸಿ ನೋಡಲು ಇನ್ನೂ ಒಳ್ಳೆಯದು.

ಲ್ಯಾನ್ ಕೇಬಲ್: ಹೆಚ್ಚಿನ ತಪ್ಪು ಇರುವುದು ಇಲ್ಲೇ

ಸಿಪಿಯು ಹಿಂದೆ ಕೇಬಲ್ ಸೇರುವ ಜಾಗದಲ್ಲಿ ಎರಡು ಪುಟ್ಟ ದೀಪಗಳಿರುತ್ತವೆ. ಒಂದು ನಿಂತು ಉರಿಯುತ್ತದೆ, ಇನ್ನೊಂದು ಡೇಟಾ ಓಡಾಡಿದಂತೆ ಮಿನುಗುತ್ತದೆ. ಬಣ್ಣ ಮದರ್‌ಬೋರ್ಡಿನಿಂದ ಮದರ್‌ಬೋರ್ಡಿಗೆ ಬೇರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಂಪ್ಯೂಟರ್ ಆನ್ ಇದ್ದೂ ಎರಡೂ ಆರಿದ್ದರೆ ವಿಂಡೋಸಿನಲ್ಲಿ ಏನು ಮಾಡಿದರೂ ಪ್ರಯೋಜನ ಕಡಿಮೆ. ಮೊದಲು ಈ ದೀಪ ಹೊತ್ತಿಸಬೇಕು.

ಜಾಕನ್ನು ತೆಗೆದು ಮತ್ತೆ ಹಾಕಿ. "ಟಿಕ್" ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಜಾಕಿನ ಮೇಲಿನ ಪ್ಲಾಸ್ಟಿಕ್ ಲಾಕ್ ಮುರಿದಿದೆ. ಹೀಗೆ ಲಾಕ್ ಮುರಿದ ಕೇಬಲ್ ನೋಡಲು ಸೇರಿದಂತೆಯೇ ಕಾಣುತ್ತದೆ. ನೆಲ ಒರೆಸುವಾಗ ಸಿಪಿಯು ಸ್ವಲ್ಪ ಅಲುಗಿದರೂ ಒಂದೆರಡು ಮಿಲಿಮೀಟರ್ ಹಿಂದೆ ಸರಿದು ಸಂಪರ್ಕ ಕಡಿದುಹೋಗುತ್ತದೆ. ಟೇಪ್ ಸುತ್ತಿ ನಿಲ್ಲಿಸುವುದು ಎರಡು ದಿನದ ಮಾತು. ಹೊಸ ಜಾಕ್ ಹಾಕಿಸಿ.

ಟಿಕ್ ಎಂದರೂ ದೀಪವಿಲ್ಲವಾದರೆ ಬಾಕ್ಸಿನ ಕಡೆಯ ತುದಿಯನ್ನು ಬೇರೆ ಲ್ಯಾನ್ ಪೋರ್ಟಿಗೆ ಬದಲಿಸಿ. ಒಂದು ಪೋರ್ಟ್ ಸತ್ತು ಉಳಿದ ಮೂರು ಚೆನ್ನಾಗಿರುವುದು ಸಾಮಾನ್ಯ. ಕೆಲವು ಬಾಕ್ಸ್‌ಗಳಲ್ಲಿ ಒಂದನೇ ಪೋರ್ಟ್ ಮಾತ್ರ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್), ಉಳಿದವು 100 ಎಂಬಿಪಿಎಸ್‌ನವು. ಇನ್ನು ಕೆಲವಲ್ಲಿ ಒಂದು ಪೋರ್ಟನ್ನು ಟಿವಿಗೆಂದೇ ಬಿಟ್ಟಿರುತ್ತಾರೆ, ಅದಕ್ಕೆ ಹಾಕಿದರೆ ದೀಪ ಉರಿದರೂ ನೆಟ್ ಬರುವುದಿಲ್ಲ.

ಆಮೇಲೆ ಬೇರೆ ಕೇಬಲ್. ಹೊಸ ರೂಟರಿನ ಡಬ್ಬಿಯಲ್ಲಿ ಒಂದು ಮೀಟರಿನ ತುಂಡು ಕೊಟ್ಟಿರುತ್ತಾರೆ, ಅದನ್ನು ಎಸೆಯದೆ ಇಟ್ಟುಕೊಳ್ಳಿ. ಅಷ್ಟು ಚಿಕ್ಕ ಕೇಬಲ್ ಸಾಲದು ಎಂದರೆ ಸಿಪಿಯು ಅನ್ನೇ ಬಾಕ್ಸಿನ ಹತ್ತಿರ ಹೊತ್ತೊಯ್ದು ಹಚ್ಚಿ. ಮಾನಿಟರ್, ಕೀಬೋರ್ಡ್ ಬೇಕಿಲ್ಲ. ಪವರ್ ಮತ್ತು ಲ್ಯಾನ್ ಕೊಟ್ಟು ಹಿಂದಿನ ದೀಪ ಹೊತ್ತುತ್ತದೆಯೇ ನೋಡಿದರೆ ಸಾಕು. ಹೊತ್ತಿದರೆ ಗೋಡೆಯುದ್ದಕ್ಕೂ ಹೋಗಿರುವ ಹಳೆಯ ಕೇಬಲ್ಲೇ ಕಳ್ಳ.

ಆ ಕಳ್ಳನ ಒಳಗೆ ಏನಾಗಿರುತ್ತದೆ ಎಂಬುದನ್ನು ತಿಳಿದುಕೊಂಡರೆ ಒಂದು ದೊಡ್ಡ ಒಗಟು ಬಿಡುತ್ತದೆ. ಲ್ಯಾನ್ ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು: 1, 2, 3 ಮತ್ತು 6ನೇ ಪಿನ್. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಈಗ ಕಂದು ಬಣ್ಣದ ತಂತಿಯನ್ನು ಇಲಿ ಕಡಿದಿದೆ ಅಂದುಕೊಳ್ಳಿ. ನೆಟ್ ನಿಲ್ಲುವುದಿಲ್ಲ! ಕಂಪ್ಯೂಟರ್ ಮತ್ತು ಬಾಕ್ಸ್ ಗಿಗಾಬಿಟ್‌ಗೆ ಯತ್ನಿಸಿ, ಆಗದೆ 100ಕ್ಕೆ ಇಳಿದು ಕೆಲಸ ನಡೆಸುತ್ತವೆ. ನೀವು 300 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟುತ್ತಿರುತ್ತೀರಿ, ಸ್ಪೀಡ್ ಟೆಸ್ಟ್ ಮಾತ್ರ 94, 95ರಲ್ಲೇ ನಿಂತುಬಿಡುತ್ತದೆ. ಫೋನಿನ ವೈಫೈಯಲ್ಲಿ 200 ದಾಟಿ, ವೈರಿನ ಡೆಸ್ಕ್‌ಟಾಪಿನಲ್ಲಿ ಯಾವಾಗ ನೋಡಿದರೂ 95 ಅಂದರೆ ಕಂಪನಿಗೆ ಫೋನ್ ಮಾಡುವ ಮುನ್ನ ಕೇಬಲ್, ಜಾಕ್, ಪೋರ್ಟ್ ನೋಡಿ.

ವಿಂಡೋಸ್ 11ರಲ್ಲಿ ಇದನ್ನು ಕಾಣಲು ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್ ಎಂದು ಹೋಗಿ. ಲಿಂಕ್ ಸ್ಪೀಡ್ ಎಂಬಲ್ಲಿ 1000/1000 ಇದ್ದರೆ ನಾಲ್ಕೂ ಜೋಡಿ ಸರಿ, 100/100 ಇದ್ದರೆ ಎಲ್ಲೋ ಕೊರತೆ. ಹಳೆಯ ಮದರ್‌ಬೋರ್ಡಿಗೇ 100ರ ಮಿತಿ ಇರಬಹುದು, ಅದನ್ನೂ ನೆನಪಿಡಿ.

ಕೇಬಲ್ ಕೊಳ್ಳುವಾಗ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಪೂರ್ತಿ ತಾಮ್ರವೋ, ಸಿಸಿಎಯೋ? ಸಿಸಿಎ ಎಂದರೆ ಅಲ್ಯೂಮಿನಿಯಮ್ ತಂತಿಯ ಮೇಲೆ ತಾಮ್ರದ ಲೇಪ. ಅಗ್ಗ, ಹಗುರ, ಬೇಗ ಮುರಿಯುತ್ತದೆ. ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಮನೆಗೆ ಕ್ಯಾಟ್ 5ಇ ಅಥವಾ ಕ್ಯಾಟ್ 6, ಪೂರ್ತಿ ತಾಮ್ರದ್ದು ತನ್ನಿ. ನೂರು ಮೀಟರಿನೊಳಗೆ ಯಾವುದೇ ತಕರಾರಿಲ್ಲ. ಕರೆಂಟಿನ ವೈರ್ ಹೋಗಿರುವ ಪೈಪಿನಲ್ಲೇ ಲ್ಯಾನ್ ಕೇಬಲ್ ಎಳೆಯಬೇಡಿ.

ಕ್ರಿಂಪಿಂಗ್, ಅಂದರೆ ಕೇಬಲ್ಲಿನ ತುದಿಗೆ ಜಾಕ್ ಒತ್ತಿ ಕೂರಿಸುವುದನ್ನು, ಕಲಿಯುವ ಮನಸ್ಸಿದ್ದವರಿಗೆ ಬಣ್ಣದ ಸಾಲು ಇಲ್ಲಿದೆ. ಜಾಕಿನ ಲಾಕ್ ಕೆಳಗೆ, ಚಿನ್ನದ ಬಣ್ಣದ ಪಿನ್ನುಗಳು ಮೇಲೆ, ತಂತಿ ತೂರುವ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡ ತುದಿಯದು ಒಂದನೆಯದು:

1. ಬಿಳಿ-ಕಿತ್ತಳೆ
2. ಕಿತ್ತಳೆ
3. ಬಿಳಿ-ಹಸಿರು
4. ನೀಲಿ
5. ಬಿಳಿ-ನೀಲಿ
6. ಹಸಿರು
7. ಬಿಳಿ-ಕಂದು
8. ಕಂದು

ಎರಡೂ ತುದಿಗೆ ಇದೇ ಸಾಲು. ತಪ್ಪಾಗುವುದು ನಾಲ್ಕು, ಐದು, ಆರರಲ್ಲಿ: ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಕೂರುತ್ತದೆ. ಒಂದೊಂದು ಬಣ್ಣವನ್ನೂ ಅದರ ಜೋಡಿಯ ಪಕ್ಕದಲ್ಲೇ ಇಟ್ಟುಬಿಟ್ಟರೆ ಮೂರು ಮತ್ತು ಆರನೇ ಪಿನ್ನಿನ ಸಂಬಂಧ ಕೆಡುತ್ತದೆ. ಇನ್ನೊಂದು ವಿಷಯ, ಹೊರಗಿನ ಪ್ಲಾಸ್ಟಿಕ್ ಕವಚ ಜಾಕಿನ ಒಳಕ್ಕೆ ಸ್ವಲ್ಪ ಹೋಗಿ ಅದುಮಿಸಿಕೊಳ್ಳಬೇಕು. ಬರೀ ತಂತಿಗಳು ಹೊರಗೆ ಕಾಣುತ್ತಿದ್ದರೆ ಆ ಕ್ರಿಂಪಿಂಗ್ ಹೆಚ್ಚು ದಿನ ಬಾಳುವುದಿಲ್ಲ, ಬೇರೆ ಜಾಕ್ ತೆಗೆದು ಮತ್ತೆ ಮಾಡಿ.

ಹಬ್ಬದ ಮುಂಚೆ ಮನೆ ಸ್ವಚ್ಛ ಮಾಡಿದ ಮೇಲೆ ಇಡೀ ಮನೆಯ ನೆಟ್ ಒಟ್ಟಿಗೆ ಸ್ತಬ್ಧವಾದರೆ, ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಬಾಕ್ಸಿಗೆ ಸೇರಿದೆಯೇ ನೋಡಿ. ಡೇಟಾ ಅಲ್ಲೇ ಸುತ್ತು ಹೊಡೆಯುತ್ತಾ ಎಲ್ಲವನ್ನೂ ಜಾಮ್ ಮಾಡುತ್ತದೆ.

ಕೇಬಲ್ ಸರಿ, ಆದರೂ ದೀಪವಿಲ್ಲ

ಕರೆಂಟ್ ಹೋಗಿ ಬಂದ ಮೇಲೆ ಮದರ್‌ಬೋರ್ಡಿನ ನೆಟ್‌ವರ್ಕ್ ಚಿಪ್ ಕೆಲವೊಮ್ಮೆ ಮಂಕು ಕವಿದಂತೆ ಕೂತುಬಿಡುತ್ತದೆ. ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ಪವರ್ ಕೇಬಲ್ ಇರುವ ತನಕ ಆ ಚಿಪ್ಪಿಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ, ಹಾಗಾಗಿ ಅದು ಹೊಸದಾಗಿ ಶುರುವಾಗುವುದೇ ಇಲ್ಲ. ಶಟ್‌ಡೌನ್ ಮಾಡಿ, ಸಿಪಿಯು ಹಿಂದಿನ ಪವರ್ ಕೇಬಲ್ಲನ್ನೂ ಲ್ಯಾನ್ ಕೇಬಲ್ಲನ್ನೂ ಕಿತ್ತು, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಎರಡನ್ನೂ ಹಾಕಿ ಆನ್ ಮಾಡಿ. ಹಳೆಯ ಕಂಪ್ಯೂಟರುಗಳಲ್ಲಿ ಇದು ಎಷ್ಟೋ ಸಲ ಫಲ ಕೊಡುತ್ತದೆ.

ಅದಕ್ಕೂ ಬಗ್ಗದಿದ್ದರೆ ಡಿವೈಸ್ ಮ್ಯಾನೇಜರ್ ನೋಡಿ: ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಆಮೇಲೆ ಎಂ. ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ರಿಯಲ್‌ಟೆಕ್ ಅಥವಾ ಇಂಟೆಲ್ ಹೆಸರಿನ ಈಥರ್ನೆಟ್ ಸಾಧನ ಇರಬೇಕು. ಹೆಸರಿನ ಮೇಲೆ ಕೆಳಮುಖ ಬಾಣ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ರೈಟ್ ಕ್ಲಿಕ್ ಮಾಡಿ ಎನೇಬಲ್ ಕೊಡಿ. ಹಳದಿ ತ್ರಿಕೋನ ಇದ್ದರೆ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ಸಾಫ್ಟ್‌ವೇರ್, ತೊಂದರೆಯಲ್ಲಿದೆ. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ಇದು ಶುರುವಾಗಿದ್ದರೆ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಟ್ಯಾಬಿಗೆ ಹೋಗಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಇಲ್ಲವಾದರೆ ಅನ್‌ಇನ್‌ಸ್ಟಾಲ್ ಡಿವೈಸ್ ಕೊಟ್ಟು ರೀಸ್ಟಾರ್ಟ್ ಮಾಡಿ. ಡ್ರೈವರ್ ಅನ್ನೇ ಅಳಿಸಲೇ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಬೇಡಿ.

ಸಾಧನದ ಹೆಸರೇ ಕಾಣದಿದ್ದರೆ, ಅದರಲ್ಲೂ ಹೊಸದಾಗಿ ವಿಂಡೋಸ್ ಹಾಕಿಸಿದ್ದರೆ, ಡ್ರೈವರ್ ಇಲ್ಲ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು! ಇಲ್ಲಿ ಆಂಡ್ರಾಯ್ಡ್ ಫೋನ್ ಕೈ ಹಿಡಿಯುತ್ತದೆ. ಚಾರ್ಜಿಂಗ್ ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕಂಪ್ಯೂಟರ್ ಅದನ್ನು ಇನ್ನೊಂದು ವೈರ್ ನೆಟ್ ಎಂದೇ ಎಣಿಸುತ್ತದೆ. ಮದರ್‌ಬೋರ್ಡ್ ತಯಾರಿಸಿದ ಕಂಪನಿಯ ಸೈಟಿನಿಂದಲೇ ಡ್ರೈವರ್ ಇಳಿಸಿ. ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ ಎನ್ನುವ ಬಿಟ್ಟಿ ಸಾಫ್ಟ್‌ವೇರ್‌ಗಳ ಸಹವಾಸ ಬೇಡ, ಬೇಡದ್ದನ್ನೂ ತಂದು ತುಂಬುತ್ತವೆ.

ಇಷ್ಟಾದರೂ ಇಲ್ಲವೆಂದರೆ ಪೋರ್ಟ್ ಸುಟ್ಟಿರಬಹುದು. ಅದಕ್ಕಾಗಿ ಮದರ್‌ಬೋರ್ಡ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಪಿಸಿಐಇ ಲ್ಯಾನ್ ಕಾರ್ಡ್ ಅಥವಾ ಯುಎಸ್‌ಬಿ-ಲ್ಯಾನ್ ಅಡಾಪ್ಟರ್ ಸಾಕು.

ದೀಪ ಉರಿಯುತ್ತಿದೆ, ನೆಟ್ ಇಲ್ಲ

ಮೊದಲು ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡುವುದಕ್ಕಿಂತ ರೀಸ್ಟಾರ್ಟ್ ಇಲ್ಲಿ ಮೇಲು; ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನಿನಲ್ಲಿ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ.

ಸರಿಹೋಗದಿದ್ದರೆ ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಐಪಿಕಾನ್ಫಿಗ್ ಎಂದು ಬರೆದು ಎಂಟರ್ ಒತ್ತಿ. ಅಕ್ಷರಗಳು ಐ, ಪಿ, ಸಿ, ಓ, ಎನ್, ಎಫ್, ಐ, ಜಿ, ನಡುವೆ ಜಾಗ ಬಿಡುವಂತಿಲ್ಲ. ಈಥರ್ನೆಟ್ ಅಡಾಪ್ಟರ್ ಎಂಬ ಭಾಗದಲ್ಲಿ ಐಪಿವಿ4 ಅಡ್ರೆಸ್ ಮತ್ತು ಡೀಫಾಲ್ಟ್ ಗೇಟ್‌ವೇ (ಅಂದರೆ ಬಾಕ್ಸಿನ ವಿಳಾಸ) ನೋಡಿ.

ವಿಳಾಸ 192.168 ಎಂದು ಶುರುವಾಗಿದ್ದು ಗೇಟ್‌ವೇ ಕೂಡ ಇದ್ದರೆ ಕಂಪ್ಯೂಟರಿಗೂ ಬಾಕ್ಸಿಗೂ ಮಾತುಕತೆ ಆಗಿದೆ. ವಿಳಾಸ 169.254 ಎಂದು ಶುರುವಾಗಿದ್ದರೆ ಬಾಕ್ಸಿನಿಂದ ವಿಳಾಸ ಸಿಗಲೇ ಇಲ್ಲ, ಕಾದು ಕಾದು ವಿಂಡೋಸ್ ತನಗೆ ತಾನೇ ಒಂದು ಹಾಕಿಕೊಂಡಿದೆ. ಆಗ ಐಪಿಕಾನ್ಫಿಗ್ ಎಂದು ಬರೆದು ಜಾಗ ಬಿಟ್ಟು ಸ್ಲಾಶ್ ಹಾಕಿ ರಿಲೀಸ್ ಎಂದು ಕೊಡಿ, ಅದು ಮುಗಿದ ಮೇಲೆ ಅದೇ ರೀತಿ ರಿನ್ಯೂ ಎಂದು ಕೊಡಿ. ಆಗಲೂ 169.254 ಎಂದೇ ಬಂದರೆ ಬಾಕ್ಸನ್ನು ಒಮ್ಮೆ ಆಫ್-ಆನ್ ಮಾಡಿ, ಕೇಬಲ್ಲನ್ನು ಮತ್ತೊಮ್ಮೆ ಅನುಮಾನಿಸಿ.

ಹಿಂದೆ ಬೇರೆ ಕಂಪನಿಯ ನೆಟ್ ಇದ್ದು ಈಗ ಬದಲಿಸಿದ್ದರೆ ಇನ್ನೊಂದು ಕಾರಣ ಇರಬಹುದು. ಹಳೆಯ ಲೈನ್‌ಮನ್ ಐಪಿ ವಿಳಾಸವನ್ನು ಕೈಯಾರೆ ತುಂಬಿಸಿ ಹೋಗಿರುತ್ತಾನೆ. ಈಥರ್ನೆಟ್ ಪುಟದಲ್ಲಿ ಐಪಿ ಅಸೈನ್‌ಮೆಂಟ್ ಎಂಬಲ್ಲಿ ಎಡಿಟ್ ಒತ್ತಿ ಆಟೋಮ್ಯಾಟಿಕ್ ಮಾಡಿ. ಲ್ಯಾನ್ ಕೇಬಲ್ ರೂಟರಿಲ್ಲದೆ ನೇರ ಕಂಪ್ಯೂಟರಿಗೇ ಬರುವ ಮನೆಗಳಲ್ಲಿ ಮಾತ್ರ ಇದನ್ನು ಮುಟ್ಟುವ ಮುಂಚೆ ಹಳೆಯ ಸಂಖ್ಯೆಗಳ ಫೋಟೋ ತೆಗೆದುಕೊಳ್ಳಿ. ಅಂಥ ಮನೆಗಳಲ್ಲಿ ಹೊಸ ಲ್ಯಾನ್ ಕಾರ್ಡ್ ಹಾಕಿದ ಮೇಲೆ ನೆಟ್ ಬಾರದಿದ್ದರೆ, ಕಂಪನಿಯವರು ಹಳೆಯ ಕಾರ್ಡಿನ ಮ್ಯಾಕ್ ಅಡ್ರೆಸ್ಸಿಗೆ (ಒಂದೊಂದು ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ಸಂಪರ್ಕ ಕಟ್ಟಿಹಾಕಿರಬಹುದು. ಫೋನ್ ಮಾಡಿ ಹೊಸದನ್ನು ಸೇರಿಸಲು ಹೇಳಿ.

ಬ್ರಾಡ್‌ಬ್ಯಾಂಡ್ ಕನೆಕ್ಷನ್ ಎಂಬ ಐಕಾನ್ ಒತ್ತಿ ಡಯಲ್ ಮಾಡುವವರು ದೋಷದ ಸಂಖ್ಯೆ ನೋಡಿ. 691 ಬಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು, ಇಲ್ಲವೇ ಪ್ಲಾನ್ ಮುಗಿದಿದೆ. 651 ಬಂದರೆ ಕೇಬಲ್, ಬಾಕ್ಸ್ ಅಥವಾ ಹೊರಗಿನ ಲೈನ್.

ಮೂರು ಪಿಂಗ್, ಮೂರು ಉತ್ತರ

ವಿಳಾಸ ಸರಿಯಿದ್ದೂ ನೆಟ್ ಇಲ್ಲವೆಂದರೆ ಅದೇ ಕಪ್ಪು ಕಿಟಕಿಯಲ್ಲಿ ಪಿಂಗ್ ಮಾಡಿ, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ಅಕ್ಷರ ನಾಲ್ಕೇ: ಪಿ, ಐ, ಎನ್, ಜಿ. ಪಿಂಗ್ ಎಂದು ಬರೆದು ಜಾಗ ಬಿಟ್ಟು ಮೊದಲು ಗೇಟ್‌ವೇ ವಿಳಾಸ ಕೊಡಿ, ಹೆಚ್ಚಿನ ಮನೆಗಳಲ್ಲಿ 192.168.1.1, ಜಿಯೋಫೈಬರ್ ಇದ್ದರೆ 192.168.29.1. ಎರಡನೆಯದು 8.8.8.8, ಗೂಗಲ್‌ನ ಸರ್ವರ್. ಮೂರನೆಯದು ಸಂಖ್ಯೆಯಲ್ಲದೆ ಹೆಸರು: ಗೂಗಲ್ ಡಾಟ್ ಕಾಮ್.

ಗೇಟ್‌ವೇ ಉತ್ತರಿಸದಿದ್ದರೆ ತಪ್ಪು ಮನೆಯೊಳಗೇ, ಕೇಬಲ್ಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ. ಗೇಟ್‌ವೇ ಉತ್ತರಿಸಿ 8.8.8.8 ಸುಮ್ಮನಿದ್ದರೆ ತಪ್ಪು ಬಾಕ್ಸಿನಿಂದ ಆಚೆಗೆ. ಎರಡೂ ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್ಎಸ್ ಕೆಟ್ಟಿದೆ, ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಸರ್ವರ್ ಮಲಗಿದೆ. ವಿಂಡೋಸ್ 11ರಲ್ಲಿ ಈಥರ್ನೆಟ್ ಪುಟದ ಡಿಎನ್ಎಸ್ ಸರ್ವರ್ ಅಸೈನ್‌ಮೆಂಟಿನಲ್ಲಿ ಮ್ಯಾನುಯಲ್ ಆರಿಸಿ, ಐಪಿವಿ4 ಆನ್ ಮಾಡಿ, 8.8.8.8 ಮತ್ತು 1.1.1.1 ಕೊಡಿ. ಆಮೇಲೆ ಐಪಿಕಾನ್ಫಿಗ್, ಜಾಗ, ಸ್ಲಾಶ್, ಫ್ಲಶ್‌ಡಿಎನ್ಎಸ್ ಎಂದು ಒಮ್ಮೆ ಕೊಟ್ಟರೆ ಹಳೆಯ ನೆನಪು ಅಳಿಯುತ್ತದೆ.

ಮೂರೂ ಉತ್ತರಿಸುತ್ತಿವೆ, ಬ್ರೌಸರ್ ಮಾತ್ರ ತೆರೆಯುತ್ತಿಲ್ಲವೇ? ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿ (ನಿಮಗೂ ನೆಟ್ಟಿಗೂ ನಡುವೆ ನಿಲ್ಲುವ ಸರ್ವರ್) ಎಂಬುದಿದೆ. ಯೂಸ್ ಎ ಪ್ರಾಕ್ಸಿ ಸರ್ವರ್ ಆನ್ ಇದ್ದರೆ ಆಫ್ ಮಾಡಿ. ಆಫೀಸಿನ ಸಾಫ್ಟ್‌ವೇರ್ ಅಥವಾ ವೈರಸ್ ಅದನ್ನು ಹಾಗೆ ಬಿಟ್ಟುಹೋಗಿರುತ್ತದೆ. ಬಳಸದ ವಿಪಿಎನ್, ಅವಧಿ ಮುಗಿದ ಆ್ಯಂಟಿವೈರಸ್ ಇದ್ದರೆ ಅವನ್ನೂ ತೆಗೆದುಹಾಕಿ.

ಇನ್ನೊಂದು ಕಾರಣವನ್ನು ಹೇಳಲೇಬೇಕು, ಯಾಕೆಂದರೆ ಹಳೆಯ ಡೆಸ್ಕ್‌ಟಾಪ್ ಇರುವ ಮನೆಗಳಲ್ಲಿ ಇದು ಪದೇ ಪದೇ ಬರುತ್ತದೆ ಮತ್ತು ಯಾರೂ ಅದರ ಕಡೆ ನೋಡುವುದಿಲ್ಲ. ಪರದೆಯ ಬಲ ಮೂಲೆಯ ಗಡಿಯಾರ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಅದು ಸತ್ತರೆ ಮನೆಯ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಸುರಕ್ಷಿತ ವೆಬ್‌ಸೈಟ್ ಪ್ರತಿಯೊಂದಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುವ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ ತಾನು ಇನ್ನೂ ಹಳೆಯ ವರ್ಷದಲ್ಲಿದ್ದೇನೆ ಅಂದುಕೊಂಡು ಅವೆಲ್ಲವನ್ನೂ ತಿರಸ್ಕರಿಸುತ್ತದೆ. ಬ್ಯಾಂಕ್ ತೆರೆಯುವುದಿಲ್ಲ, ಜಿಮೇಲ್ ತೆರೆಯುವುದಿಲ್ಲ, ಸೇವಾ ಸಿಂಧು ತೆರೆಯುವುದಿಲ್ಲ. ನೆಟ್ ಸರಿಯಾಗಿಯೇ ಇರುತ್ತದೆ. ದಿನಾಂಕ ಸರಿಮಾಡಿದ ಕೂಡಲೇ ಎಲ್ಲ ತೆರೆಯುತ್ತವೆ. ಆಮೇಲೆ ಕಂಪ್ಯೂಟರಿನ ಪವರ್ ಕೇಬಲ್ ತೆಗೆದು ಆ ಬ್ಯಾಟರಿ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಯಾವುದೂ ಕೈಗೆ ಹತ್ತದಿದ್ದರೆ ಕೊನೆಯ ಅಸ್ತ್ರ ನೆಟ್‌ವರ್ಕ್ ರೀಸೆಟ್. ಸೆಟ್ಟಿಂಗ್ಸ್, ನೆಟ್‌ವರ್ಕ್, ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿದೆ (ವಿಂಡೋಸ್ 11ರಲ್ಲಿ). ಇದು ಕಂಪ್ಯೂಟರಿನ ನೆಟ್ ಸೆಟ್ಟಿಂಗ್ ಮಾತ್ರ ಅಳಿಸುತ್ತದೆ, ಬಾಕ್ಸನ್ನು ಮುಟ್ಟುವುದಿಲ್ಲ, ಫೈಲುಗಳಿಗೂ ಏನೂ ಆಗುವುದಿಲ್ಲ.

ಬರುತ್ತದೆ, ಹೋಗುತ್ತದೆ

ಪೂರ್ತಿ ನಿಂತದ್ದಕ್ಕಿಂತ ಇದು ಹೆಚ್ಚು ಕಾಡುತ್ತದೆ. ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ಗೇಟ್‌ವೇಗೆ, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಕೊಡಿ. ಕೊನೆಗೆ ಜಾಗ ಬಿಟ್ಟು ಒಂದು ಅಡ್ಡಗೆರೆ (ಮೈನಸ್ ಗುರುತು) ಮತ್ತು ಅದಕ್ಕೆ ಅಂಟಿದಂತೆ ಟಿ ಅಕ್ಷರ ಸೇರಿಸಿದರೆ ನಿಲ್ಲದೆ ಓಡುತ್ತಿರುತ್ತದೆ, ಕಂಟ್ರೋಲ್ ಜೊತೆ ಸಿ ಒತ್ತಿದರೆ ನಿಲ್ಲುತ್ತದೆ. ಎರಡೂ ಕಿಟಕಿಯಲ್ಲಿ ಒಟ್ಟಿಗೆ ರಿಕ್ವೆಸ್ಟ್ ಟೈಮ್ಡ್ ಔಟ್ ಬಂದರೆ ಕೇಬಲ್ ಅಥವಾ ಪೋರ್ಟ್. ಎರಡನೆಯದರಲ್ಲಿ ಮಾತ್ರ ಬಂದರೆ ಹೊರಗಿನ ಲೈನ್. ಆ ಕ್ಷಣದ ಪರದೆಯ ಫೋಟೋ ತೆಗೆದಿಡಿ, ದೂರಿಗೆ ಬೇಕಾಗುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಬಂದಾಗಲೆಲ್ಲ ನೆಟ್ ಹೋಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ನೋಡಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಬಿಡಿ ಎಂಬ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್, ಗ್ರೀನ್ ಈಥರ್ನೆಟ್ ಇದ್ದರೆ ಡಿಸೇಬಲ್ ಮಾಡಿ.

ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಡೇಟಾ ಮಿತಿ ದಾಟಿರಬಹುದು. ಅನ್‌ಲಿಮಿಟೆಡ್ ಎನ್ನುವ ಹಲವು ಪ್ಲಾನುಗಳಿಗೂ ತಿಂಗಳಿಗೆ 3,300 ಜಿಬಿಯಂಥ ಮಿತಿ ಇದೆ. ಇನ್ನು 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ಎಂದು ತೋರಿದರೆ ಅದು ಸರಿಯಾಗಿಯೇ ಇದೆ. ಎಂಟು ಬಿಟ್ ಸೇರಿ ಒಂದು ಬೈಟ್.

ಗುಡುಗಿನ ಸಂಜೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಮಲೆನಾಡು-ಕರಾವಳಿಯಲ್ಲಂತೂ, ಲ್ಯಾನ್ ಪೋರ್ಟ್ ಸುಡುವುದು ಹೆಚ್ಚು. ಫೈಬರಿನ ಗಾಜಿನೆಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಬಾಕ್ಸಿನ ಅಡಾಪ್ಟರ್ ಮೂಲಕ ಬಂದ ಹೊಡೆತ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರುತ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ಸಿಪಿಯು ಮತ್ತು ಬಾಕ್ಸ್ ಎರಡರ ಪ್ಲಗ್ಗನ್ನೂ ಕಿತ್ತು, ಲ್ಯಾನ್ ಕೇಬಲ್ ತೆಗೆದಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲು ತಲೆಯ ಮೇಲೇ ಹೊಡೆಯುತ್ತಿರುವಾಗ ಕೀಳಲು ಹೋಗಬೇಡಿ. ಜೀವಕ್ಕಿಂತ ಕಂಪ್ಯೂಟರ್ ದೊಡ್ಡದಲ್ಲ. ಮಾಳಿಗೆಯ ಮೇಲೆ ಅಥವಾ ಅಂಗಳ ದಾಟಿಸಿ ಲ್ಯಾನ್ ಕೇಬಲ್ ಎಳೆದಿದ್ದರೆ ಆ ಭಾಗಕ್ಕೆ ಫೈಬರ್ ಹಾಕಿಸುವುದು ಒಳ್ಳೆಯದು.

ದೂರು ಕೊಡುವಾಗ

"ನೆಟ್ ಬರ್ತಿಲ್ಲ" ಎಂದಷ್ಟೇ ಹೇಳಿದರೆ ಆ ಕಡೆಯಿಂದ ಮೊದಲ ಪಾಠ ಶುರುವಾಗುತ್ತದೆ: ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬದಲಿಗೆ ಹೀಗೆ ಹೇಳಿ: "ಎಲ್‌ಓಎಸ್ ಕೆಂಪಗೆ ಮಿನುಗ್ತಿದೆ, ಬೆಳಿಗ್ಗೆಯಿಂದ, ಬಾಕ್ಸ್ ರೀಸ್ಟಾರ್ಟ್ ಮಾಡಿ ನೋಡಿದ್ದೇನೆ." ಅಥವಾ "ಗೇಟ್‌ವೇ ಪಿಂಗ್ ಆಗ್ತಿದೆ, 8.8.8.8 ಆಗ್ತಿಲ್ಲ." ಮಾತು ನೇರ ವಿಷಯಕ್ಕೆ ಬರುತ್ತದೆ. ದೂರಿನ ಡಾಕೆಟ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅದು ಇದ್ದರೆ ಮಾತ್ರ ಮುಂದೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಲು ಸಾಧ್ಯ; ಟ್ರಾಯ್‌ನ (ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2012ರ ನಿಯಮ ಈ ಎರಡು ಹಂತಗಳನ್ನು ಕಡ್ಡಾಯ ಮಾಡಿದೆ. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ.

ಲೈನ್‌ಮನ್ ಬಂದಾಗ ಫೈಬರಿನ ಪವರ್ (ಬೆಳಕಿನ ಬಲ, ಇದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ) ಎಷ್ಟು ಬರುತ್ತಿದೆ ಎಂದು ಮೀಟರಿನಲ್ಲಿ ತೋರಿಸಲು ಕೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚೆನ್ನ. ಮೈನಸ್ 27ರ ಹತ್ತಿರ ಇದ್ದರೆ ಇವತ್ತು ನಡೆದರೂ ಮಳೆ ಬಂದ ದಿನ ನಿಲ್ಲುತ್ತದೆ, ಜಾಯಿಂಟ್ ಮತ್ತೆ ಮಾಡಿಕೊಡಿ ಎಂದು ಪಟ್ಟು ಹಿಡಿಯಿರಿ. ಅವರು ಹೊರಡುವ ಮುನ್ನ ಸ್ಪೀಡ್ ಟೆಸ್ಟ್ ಅವರ ಫೋನಿನಲ್ಲಲ್ಲ, ವೈರ್ ಸೇರಿಸಿದ ನಿಮ್ಮ ಡೆಸ್ಕ್‌ಟಾಪಿನಲ್ಲಿ ಆಗಲಿ. ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಕೇಳಿ ಬರೆದು ಕರೆಂಟ್ ಬಿಲ್ಲುಗಳ ಫೈಲಿನಲ್ಲಿ ಇಟ್ಟುಕೊಳ್ಳಿ.